3+0 ಬ್ಲಿಟ್ಜ್ ಚೆಸ್‌ನಲ್ಲಿ ನನ್ನ ಬಲ ಯಾವುದು, ತಿದ್ದಿಕೊಳ್ಳಬೇಕಾದ್ದು ಯಾವುದು?

ನೀವು ಕೊಟ್ಟಿರುವ ವಿವರ ಇಷ್ಟು: ಲಿಚೆಸ್ ಎಂಬ ಚೆಸ್ ತಾಣದಲ್ಲಿ 3+0 (ಇಡೀ ಆಟಕ್ಕೆ ಒಬ್ಬೊಬ್ಬರಿಗೆ ಮೂರು ನಿಮಿಷ, ನಡೆಗೆ ಹೆಚ್ಚುವರಿ ಸೆಕೆಂಡ್ ಇಲ್ಲ) ಆಡುತ್ತೀರಿ, ಬ್ಲಿಟ್ಜ್ ರೇಟಿಂಗ್ 1550ರ ಆಸುಪಾಸು, ಪಝಲ್ (ಒಂದು ಸ್ಥಿತಿ ಕೊಟ್ಟು ಸರಿಯಾದ ನಡೆ ಹುಡುಕಿಸುವ ಒಗಟು) ರೇಟಿಂಗ್ 2100. ಓಪನಿಂಗ್ (ಆಟದ ಆರಂಭದ ನಡೆಗಳ ಕ್ರಮ) ಬಿಳಿ ಬಂದರೆ ಲಂಡನ್, ಕಪ್ಪು ಬಂದರೆ ಕಾರೋ-ಕಾನ್. ಕಳೆದ 40 ಆಟಗಳಲ್ಲಿ 22 ಸೋಲು, ಅದರಲ್ಲಿ 13 ಟೈಮ್ ಮುಗಿದು. "ಟ್ಯಾಕ್ಟಿಕ್ಸ್ (ಕಾಯಿ ಗೆಲ್ಲುವ ಸಣ್ಣ ತಂತ್ರಗಳು) ನನ್ನ ಬಲ, ಟೈಮ್ ಮ್ಯಾನೇಜ್‌ಮೆಂಟ್ ನನ್ನ ದೌರ್ಬಲ್ಯ, ಸರಿ ತಾನೆ?" ಎಂದು ಕೇಳಿದ್ದೀರಿ. ನನಗನ್ನಿಸುವಂತೆ ಎರಡೂ ಅರ್ಧ ಸರಿ.

ಮೊದಲು ಪಝಲ್ ವಿಷಯ ಮುಗಿಸೋಣ. ಪಝಲ್ ರೇಟಿಂಗನ್ನೂ ಬ್ಲಿಟ್ಜ್ ರೇಟಿಂಗನ್ನೂ ತೂಗುವ ತಕ್ಕಡಿಗಳೇ ಬೇರೆ. ಒಂದರಿಂದ ಇನ್ನೊಂದನ್ನು ಕಳೆದು "ನನ್ನೊಳಗೆ ಇನ್ನೂ 550 ಪಾಯಿಂಟ್ ಅಡಗಿದೆ" ಅಂದುಕೊಳ್ಳಬೇಡಿ. ಪಝಲ್ ತೆರೆದ ಕ್ಷಣವೇ ಇಲ್ಲೇನೋ ಇದೆ ಅನ್ನುವುದು ಗೊತ್ತಿರುತ್ತದೆ, ಕಾಲಮಿತಿಯೂ ಇರುವುದಿಲ್ಲ. ಆಟದ ನಡುವೆ ಯಾರೂ ಹಾಗೆ ಕಿವಿಯಲ್ಲಿ ಹೇಳುವುದಿಲ್ಲ. ಕೂತು ಹುಡುಕಿದರೆ ನಿಮಗೆ ಸಿಗುತ್ತದೆ ಅನ್ನುವಷ್ಟು ಮಾತ್ರ ಆ 2100 ಹೇಳುತ್ತದೆ. ಅದು ಬಲವೇ, ಸುಳ್ಳಲ್ಲ. ಆದರೆ ಬ್ಲಿಟ್ಜ್‌ನಲ್ಲಿ ಹೆಚ್ಚು ಆಟ ನಿರ್ಧಾರವಾಗುವುದು ಕಾವಲಿಲ್ಲದೆ ನಿಂತ ಕಾಯಿ, ಒಂದು ನಡೆಯ ಮೇಟ್, ಕುದುರೆಯ ಫೋರ್ಕ್ (ಒಂದೇ ನಡೆಯಲ್ಲಿ ಎರಡು ಕಾಯಿಗಳ ಮೇಲೆ ದಾಳಿ), ಇಂಥ ಸಣ್ಣವುಗಳಿಂದ. ಅವನ್ನು ಎರಡು ಸೆಕೆಂಡಿನಲ್ಲಿ ಕಾಣುವ ಅಭ್ಯಾಸವೇ ಬೇರೆ.

ಈಗ ಆ 13 ಆಟಗಳಿಗೆ ಬನ್ನಿ. ಫಲಿತಾಂಶದಲ್ಲಿ 'ಟೈಮ್ ಔಟ್' ಎಂದಿದ್ದ ಮಾತ್ರಕ್ಕೆ ಸೋತದ್ದು ಟೈಮಿನಿಂದಲೇ ಎಂದು ನಂಬಬೇಡಿ. 14ನೇ ನಡೆಯಲ್ಲಿ ಕುದುರೆ ಕಳಕೊಂಡು, ದಾರಿ ಹುಡುಕುತ್ತಾ ಕೂತು ಗಡಿಯಾರ ಮುಗಿದಿದ್ದರೆ ಅದು ಕುದುರೆಯ ಸೋಲು. ಪ್ರತಿ ಆಟವನ್ನೂ ಅನಾಲಿಸಿಸ್ ಬೋರ್ಡ್‌ನಲ್ಲಿ ತೆರೆದು, ಫ್ಲ್ಯಾಗ್ ಬಿದ್ದಾಗ (ಸಮಯ ಮುಗಿದಾಗ) ನೀವು ಗೆಲ್ಲುತ್ತಿದ್ದಿರಾ, ಸಮಸಮ ಇದ್ದಿರಾ, ಸೋಲುತ್ತಿದ್ದಿರಾ ಎಂದು ಮೂರು ಗುಂಪು ಮಾಡಿ. ಮೂರನೆಯ ಗುಂಪನ್ನು ಪಕ್ಕಕ್ಕಿಡಿ. ಉಳಿದವು ಮಾತ್ರ ಗಡಿಯಾರದ ಲೆಕ್ಕಕ್ಕೆ ಸೇರುತ್ತವೆ. ಬಹಳ ಮಂದಿಗೆ ಈ ಹಂತದಲ್ಲೇ ಸಂಖ್ಯೆ ಅರ್ಧಕ್ಕಿಳಿಯುತ್ತದೆ.

ಉಳಿದ ಆಟಗಳಲ್ಲಿ ಬೋರ್ಡಿನ ಕೆಳಗಿರುವ 'ಮೂವ್ ಟೈಮ್ಸ್' ಗ್ರಾಫ್ ನೋಡಿ ನಾಲ್ಕು ಸಂಖ್ಯೆ ಬರೆದುಕೊಳ್ಳಿ: 10ನೇ ನಡೆ ಆದಮೇಲೆ ಉಳಿದ ಸೆಕೆಂಡ್, 20ರ ನಂತರ, 30ರ ನಂತರ, ಮತ್ತು ಇಡೀ ಆಟದಲ್ಲಿ ಅತಿ ಹೆಚ್ಚು ಹೊತ್ತು ತಿಂದ ಒಂದು ನಡೆ. ಕೈಯಲ್ಲಿರುವುದು 180 ಸೆಕೆಂಡ್. 40 ನಡೆಗೆ ಹಂಚಿದರೆ ತಲಾ 4.5, 60 ನಡೆಗೆ ಹಂಚಿದರೆ ಬರೀ 3. ನಾನು ಹೇಳುವ ಅಂದಾಜು ಹೀಗೆ: 10ಕ್ಕೆ 150, 20ಕ್ಕೆ 100, 30ಕ್ಕೆ 50. ಇದೇನೂ ಶಾಸ್ತ್ರವಾಕ್ಯವಲ್ಲ. ಎದುರಾಳಿಯ ಗಡಿಯಾರದಲ್ಲಿ ನಿಮಗಿಂತ ಕಡಿಮೆ ಇದ್ದರೆ 35 ಸೆಕೆಂಡೂ ಧಾರಾಳವೇ.

ನಿಮ್ಮ ಮಟ್ಟದಲ್ಲಿ ಸಾಮಾನ್ಯವಾಗಿ ಸಮಯ ಸೋರುವುದು ಕೊನೆಯಲ್ಲಲ್ಲ, 12ರಿಂದ 20ನೇ ನಡೆಯ ನಡುವೆ, ಎರಡು ಮೂರು ದೊಡ್ಡ ತೂತುಗಳಲ್ಲಿ. ಒಂದೇ ನಡೆಗೆ 20, 25 ಸೆಕೆಂಡ್. ಆದ್ದರಿಂದ "ಎಲ್ಲ ನಡೆಯನ್ನೂ ಬೇಗ ಆಡಬೇಕು" ಎಂಬ ಸಂಕಲ್ಪದಿಂದ ಉಪಯೋಗವಿಲ್ಲ. ಆ ತೂತು ಯಾವ ಜಾತಿಯದು ಅನ್ನುವುದನ್ನು ನೋಡಬೇಕು.

ಓಪನಿಂಗ್‌ನಲ್ಲಿ ಅಚ್ಚರಿ ಬಿದ್ದ ಜಾಗ ಒಂದು ಜಾತಿ. ಲಂಡನ್ ಆಡುವವರಿಗೆ ಇದು ತಪ್ಪಿದ್ದಲ್ಲ. ಒಂದು ಸಾಲು ನೋಡಿ (ಅಕ್ಷರ-ಸಂಖ್ಯೆ ಅಂದರೆ ಬೋರ್ಡಿನ ಮನೆ; ಕಾಯಿಯ ಹೆಸರಿಲ್ಲದಿದ್ದರೆ ಅದು ಕಾಲಾಳಿನ ನಡೆ): 1. ಡಿ4 ಡಿ5 2. ಒಂಟೆ ಎಫ್4 ಸಿ5 3. ಇ3 ಕುದುರೆ ಸಿ6 4. ಸಿ3 ಕುದುರೆ ಎಫ್6 5. ಕುದುರೆ ಎಫ್3 ರಾಣಿ ಬಿ6 6. ರಾಣಿ ಬಿ3 ಸಿ4 7. ರಾಣಿ ಸಿ2 ಒಂಟೆ ಎಫ್5. ಪುಕ್ಕಟೆ ಒಂಟೆ ಅನ್ನಿಸುತ್ತದೆ. ರಾಣಿಯಿಂದ ಅದನ್ನು ಹೊಡೆದರೆ ಕಪ್ಪು ರಾಣಿ ಬಿ2 ಕಾಲಾಳನ್ನು ತಿಂದು ಎ1ರ ಆನೆಯ ಮೇಲೆ ಕೂರುತ್ತದೆ. ಬಿ1ರ ಕುದುರೆ ಕದಲದೆ ಕೂತಿರುವುದರಿಂದ ಆನೆಗೆ ಓಡಲು ಮನೆಯೇ ಇಲ್ಲ. ಸರಿಯಾದ ಉತ್ತರ 8. ರಾಣಿ ಸಿ1. ಇದು ಗೊತ್ತಿದ್ದವರಿಗೆ ಒಂದು ಸೆಕೆಂಡ್, ಗೊತ್ತಿಲ್ಲದವರಿಗೆ ಅರ್ಧ ನಿಮಿಷ ಮತ್ತು ಬಹುಶಃ ಒಂದು ಆನೆ. ಲಿಚೆಸ್‌ನ ಓಪನಿಂಗ್ ಎಕ್ಸ್‌ಪ್ಲೋರರ್‌ನಲ್ಲಿ 'ಪ್ಲೇಯರ್' ಟ್ಯಾಬ್‌ಗೆ ಹೋದರೆ ನಿಮ್ಮದೇ ಆಟಗಳು ಬರುತ್ತವೆ. ಹತ್ತು ನಡೆಯೊಳಗೆ ಪದೇಪದೇ ಎದುರಾಗುವ, ನೀವು ಪದೇಪದೇ ಸೋಲುವ ಸ್ಥಿತಿಗಳು ಮೂರೋ ನಾಲ್ಕೋ ಸಿಗುತ್ತವೆ. ಅಷ್ಟನ್ನು ಕಲಿತರೆ ಸಾಕು. ಹೊಸ ಓಪನಿಂಗ್ ಹುಡುಕಿಕೊಂಡು ಹೋಗಬೇಡಿ. ಎರಡೇ ಓಪನಿಂಗ್‌ಗೆ ಅಂಟಿಕೊಂಡಿರುವುದು ನಿಮ್ಮ ದೊಡ್ಡ ಆಸ್ತಿ, ಅದನ್ನು ನೀವೇ ಬಲದ ಪಟ್ಟಿಗೆ ಸೇರಿಸಿಲ್ಲ.

ಎರಡನೆಯ ಜಾತಿ, ಏನೂ ನಡೆಯದ ಶಾಂತ ಸ್ಥಿತಿ. ಕಾಯಿಗಳೆಲ್ಲ ಹೊರಬಂದಿವೆ, ಹೊಡೆಯಲು ಏನೂ ಇಲ್ಲ, ಯಾವ ನಡೆಯೂ ತಪ್ಪಲ್ಲ. ಪಝಲ್ ಚೆನ್ನಾಗಿ ಬಿಡಿಸುವವರು ಇಲ್ಲೇ ಹೆಚ್ಚು ಮುಳುಗುತ್ತಾರೆ, ಏಕೆಂದರೆ ಇಲ್ಲದ ಟ್ಯಾಕ್ಟಿಕ್ ಹುಡುಕುತ್ತಿರುತ್ತಾರೆ. ಇಂಥ ಕಡೆಗೆ ಒಂದು ಕಟ್ಟುಪಾಡು ಇಟ್ಟುಕೊಳ್ಳಿ: ಐದು ಸೆಕೆಂಡ್ ನೋಡಿ ಏನೂ ಕಾಣದಿದ್ದರೆ, ಅತಿ ಕೆಟ್ಟ ಜಾಗದಲ್ಲಿರುವ ಕಾಯಿಯನ್ನು ಒಂದು ಮೆಟ್ಟಿಲು ಮೇಲಕ್ಕೆ ತನ್ನಿ, ಇಲ್ಲವೇ ಆನೆಯನ್ನು ತೆರೆದ ಫೈಲಿಗೆ (ಕಾಲಾಳುಗಳಿಲ್ಲದ ಲಂಬ ಸಾಲಿಗೆ) ತನ್ನಿ. ಎಂಜಿನ್ (ನಡೆಗಳನ್ನು ಅಳೆಯುವ ಕಂಪ್ಯೂಟರ್) ಆಮೇಲೆ "0.4 ಕಡಿಮೆ" (ಅರ್ಧ ಕಾಲಾಳಿಗಿಂತ ಕಡಿಮೆ ನಷ್ಟ) ಅಂದೀತು, ಅನ್ನಲಿ. 3+0ನಲ್ಲಿ 20 ಸೆಕೆಂಡಿನ ಬೆಲೆ ಅದಕ್ಕಿಂತ ಜಾಸ್ತಿ.

ಮೂರನೆಯದು ಬಲಿ ಕೊಡುವ ಲೆಕ್ಕ: ಎಚ್7ರ ಮೇಲೆ ಒಂಟೆ ಬಿಡಲೇ ಬೇಡವೇ ಎಂಬ ಗೊಂದಲ. ಇಲ್ಲಿ 15 ಸೆಕೆಂಡ್ ಕೊಡಬಹುದು, ಕೊಡಲೇಬೇಕು. ಆಟ ನಿರ್ಧಾರವಾಗುವುದು ಇಲ್ಲಿಯೇ. ತಪ್ಪಾಗುವುದು ಎಲ್ಲಿ ಅಂದರೆ, 20 ಸೆಕೆಂಡ್ ಲೆಕ್ಕ ಹಾಕಿ ಕೊನೆಗೆ ಹೆದರಿ ಬೇರೆ ನಡೆ ಆಡುವುದು, ಮುಂದಿನ ನಡೆಯಲ್ಲಿ ಅದೇ ಬಲಿಯನ್ನು ಮತ್ತೆ ಮೊದಲಿನಿಂದ ಲೆಕ್ಕ ಹಾಕುವುದು. ಒಮ್ಮೆ ಬೇಡ ಅಂದಮೇಲೆ, ಎದುರಾಳಿಯ ನಡೆಯಿಂದ ಸ್ಥಿತಿ ಬದಲಾಗದ ಹೊರತು ಆ ಕಡತ ಮುಚ್ಚಿಬಿಡಿ.

ಸಮಯ ಉಳಿಸಲು ಪ್ರಿಮೂವ್ (ಎದುರಾಳಿ ಆಡುವ ಮೊದಲೇ ನಮ್ಮ ಮುಂದಿನ ನಡೆಯನ್ನು ಇಟ್ಟುಬಿಡುವುದು) ಹೆಚ್ಚು ಬಳಸಬೇಕೇ ಎಂದೂ ಕೇಳಿದ್ದೀರಿ. ಲಿಚೆಸ್‌ನಲ್ಲಿ ಪ್ರಿಮೂವ್‌ಗೆ ಸಮಯವೇ ಖರ್ಚಾಗುವುದಿಲ್ಲ, ಆದರೆ ಒಂದು ಸಲಕ್ಕೆ ಒಂದೇ. ಇನ್ನೊಂದು ತಾಣವಾದ ಚೆಸ್.ಕಾಂನಲ್ಲಿ ಸಾಲಾಗಿ ಹಲವು ಇಡಬಹುದು, ಪ್ರತಿಯೊಂದಕ್ಕೂ 0.1 ಸೆಕೆಂಡ್ ಕಳೆಯುತ್ತದೆ. ಸುರಕ್ಷಿತ ಪ್ರಿಮೂವ್ ಅಂದರೆ ತಿರುಗಿ ಹೊಡೆಯುವುದು. ಕಾರೋ-ಕಾನ್‌ನಲ್ಲಿ 1. ಇ4 ಸಿ6 2. ಡಿ4 ಡಿ5 ಆದಮೇಲೆ ಸಿ ಕಾಲಾಳಿನಿಂದ ಡಿ5 ಹೊಡೆಯುವ ಪ್ರಿಮೂವ್ ಇಡಿ. ಬಿಳಿ ಡಿ5 ಹೊಡೆದರೆ ನಿಮ್ಮದು ತಕ್ಷಣ ನಡೆಯುತ್ತದೆ. ಹೊಡೆಯದೆ ಇ5 ತಳ್ಳಿದರೆ, ಡಿ5ರಲ್ಲಿ ನಿಮ್ಮದೇ ಕಾಲಾಳು ಇರುವುದರಿಂದ ಆ ನಡೆ ನಿಯಮಬಾಹಿರವಾಗಿ ತಾನಾಗಿ ರದ್ದಾಗುತ್ತದೆ. ನಷ್ಟವೇನೂ ಇಲ್ಲ.

ಇದಕ್ಕೆ ತದ್ವಿರುದ್ಧ, ಖಾಲಿ ಮನೆಗೆ ಇಡುವ ಪ್ರಿಮೂವ್. ಬಿಳಿಯಲ್ಲಿ ಡಿ4 ಆಡಿ ಕಣ್ಣುಮುಚ್ಚಿ ಒಂಟೆ ಎಫ್4 ಇಡುವ ಚಾಳಿ ಲಂಡನ್‌ನವರಿಗೆ ಬೇಗ ಅಂಟುತ್ತದೆ. ಎದುರಾಳಿ 1... ಇ5 ಆಡಿದನೋ, ನಿಮ್ಮ ಒಂಟೆ ತಾನಾಗಿ ಹೋಗಿ ಇ5 ಕಾಲಾಳಿನ ಬಾಯಿಗೆ ಬೀಳುತ್ತದೆ. 1... ಜಿ5ಗೂ ಅದೇ ಗತಿ. ಎರಡನೇ ನಡೆಗೇ ಒಂದು ಒಂಟೆ ಕಡಿಮೆ, ಉಳಿಸಿದ್ದು ಅರ್ಧ ಸೆಕೆಂಡ್.

ಕೊನೆಯ 20 ಸೆಕೆಂಡಿನ ಗಡಿಬಿಡಿಯಲ್ಲಿ ಒಳ್ಳೆಯ ನಡೆ ಬೇಡ, ಸುರಕ್ಷಿತ ನಡೆ ಸಾಕು. ಗೆಲ್ಲುತ್ತಿದ್ದರೆ ಮೊದಲು ನಿಮ್ಮ ರಾಜನನ್ನು ಚೆಕ್ ಬೀಳದ ಮನೆಗೆ ಸೇರಿಸಿ, ರಾಣಿಗಳನ್ನು ಬದಲಾಯಿಸಿಕೊಳ್ಳಿ, ಆಮೇಲೆ ಕಾಲಾಳು ತಳ್ಳಿ. ಕಾಲಾಳು ಕೊನೆ ತಲುಪಿದಾಗ ತಾನಾಗಿ ರಾಣಿಯಾಗುವ ಸೆಟ್ಟಿಂಗ್ ಹಾಕಿಟ್ಟಿದ್ದರೆ ಒಂದು ಕ್ಲಿಕ್ ಉಳಿಯುತ್ತದೆ. ಸೋಲುತ್ತಿದ್ದರೆ ಎದುರಾಳಿ ಯೋಚಿಸಲೇಬೇಕಾದ ಚೆಕ್ ಕೊಡಿ.

ಒಂದು ನಿಯಮ ಮಾತ್ರ ಚೆನ್ನಾಗಿ ನೆನಪಿಡಿ: ನಿಮ್ಮ ಗಡಿಯಾರ ಮುಗಿದಾಗ ಎದುರಾಳಿಯ ಬಳಿ ಬರೀ ರಾಜ ಉಳಿದಿದ್ದರೆ ಆಟ ಡ್ರಾ. ಅಂದರೆ ಮೂರು ಸೆಕೆಂಡ್ ಉಳಿದಿರುವಾಗ ನಿಮ್ಮ ಆನೆಯನ್ನು ಕೊಟ್ಟಾದರೂ ಅವನ ಕೊನೆಯ ಕಾಲಾಳನ್ನು ಹೊಡೆದರೆ ಅರ್ಧ ಪಾಯಿಂಟ್ ಉಳಿಯುತ್ತದೆ. ಅವನ ಬಳಿ ಒಂಟಿ ಕುದುರೆಯೋ ಒಂಟಿ ಒಂಟೆಯೋ ಉಳಿದಿದ್ದರೆ ಎರಡು ತಾಣಗಳಲ್ಲಿ ಫಲಿತಾಂಶ ಬೇರೆ. ಚೆಸ್.ಕಾಂನಲ್ಲಿ ಡ್ರಾ. ಲಿಚೆಸ್‌ನಲ್ಲಿ ನಿಮ್ಮ ಕಡೆ ಒಂದು ಕಾಲಾಳು ಇದ್ದರೂ ಸೋಲು, ಏಕೆಂದರೆ ಲೆಕ್ಕದ ಮಟ್ಟಿಗೆ ಅಲ್ಲಿ ಮೇಟ್ ಸಾಧ್ಯ.

ಎಂಡ್‌ಗೇಮ್‌ನಲ್ಲಿ ಎರಡು ಮೇಟ್ ಕೈಗೆ ಹತ್ತಿರಬೇಕು. ಸರಿಯಾಗಿ ಆಡಿದರೆ ರಾಜ-ರಾಣಿ ಮೇಟ್‌ಗೆ ಹೆಚ್ಚೆಂದರೆ 10 ನಡೆ, ರಾಜ-ಆನೆ ಮೇಟ್‌ಗೆ 16. ಬೋರ್ಡ್ ಎಡಿಟರ್‌ನಲ್ಲಿ ಕಾಯಿ ಜೋಡಿಸಿ ಕಂಪ್ಯೂಟರ್ ಜೊತೆ ಅರ್ಧ ನಿಮಿಷದ ಗಡಿಯಾರದಲ್ಲಿ ಆಡಿ. ರಾಣಿಯದು 15 ಸೆಕೆಂಡಿನೊಳಗೆ, ಆನೆಯದು 30ರೊಳಗೆ ಮುಗಿಯಬೇಕು. ರಾಣಿಯಲ್ಲಿ ಕೆಡುವುದು ಒಂದೇ ಕಡೆ: ಎದುರಾಳಿ ರಾಜ ಎ8ರ ಮೂಲೆಯಲ್ಲಿದ್ದಾಗ ನಿಮ್ಮ ರಾಣಿ ಬಿ6ಕ್ಕೋ ಸಿ7ಕ್ಕೋ ಬಂದು ಚೆಕ್ ಇಲ್ಲದೆ ನಿಂತರೆ ಸ್ಟೇಲ್‌ಮೇಟ್ (ಆಡಲು ನಡೆಯೇ ಇಲ್ಲದೆ ಡ್ರಾ). ರಾಜ ಮೂಲೆ ಸೇರಿದಮೇಲೆ ಅವನಿಂದ ಕುದುರೆ ನಡೆಯಷ್ಟು ದೂರದ ಮನೆಗೆ ರಾಣಿಯನ್ನು ತರಬೇಡಿ. ಒಂಟೆ-ಕುದುರೆ ಮೇಟ್ ಕಲಿಯಲು ಹೋಗಬೇಡಿ, ನಿಮ್ಮ ಆಟಗಳಲ್ಲಿ ಅದು ಬರುವುದೇ ಅಪರೂಪ.

ಪಝಲ್ ಬಿಡಬೇಡಿ, ಆದರೆ ಅಭ್ಯಾಸದ ರೀತಿ ಬದಲಿಸಿ. ಕಷ್ಟದ ಮಟ್ಟವನ್ನು 'ಈಸಿಯೆಸ್ಟ್'ಗೆ ಇಳಿಸಿದರೆ ನಿಮ್ಮ ರೇಟಿಂಗ್‌ಗಿಂತ 600 ಕಡಿಮೆಯವು ಬರುತ್ತವೆ. ದಿನಕ್ಕೆ 30, ಪ್ರತಿಯೊಂದಕ್ಕೂ ಐದು ಸೆಕೆಂಡ್. ಪಝಲ್ ಸ್ಟಾರ್ಮ್ ಕೂಡ ಒಳ್ಳೆಯದೇ: ಮೂರು ನಿಮಿಷದಲ್ಲಿ ಆದಷ್ಟು ಬಿಡಿಸುವುದು, ತಪ್ಪಾದರೆ 10 ಸೆಕೆಂಡ್ ಕಡಿತ. ಅಂದಾಜಿನ ಮೇಲೆ ಕ್ಲಿಕ್ ಮಾಡುವವರಿಗೆ ಆ ದಂಡ ಬೇಗ ಬುದ್ಧಿ ಕಲಿಸುತ್ತದೆ.

ಇನ್ನು ಚಿಲ್ಲರೆ ವಿಷಯಗಳು. ಫೋನಿನಲ್ಲಿ ಆಡುತ್ತಿದ್ದರೆ 3+0ಕ್ಕೆ ಮೌಸ್ ಹಿಡಿಯಿರಿ. ಸತತ ಮೂರು ಸೋತರೆ ಅಂದಿನ ಆಟ ನಿಲ್ಲಿಸಿ. ಒಂದೇ ದಿನ 80 ಪಾಯಿಂಟ್ ಏರಿಳಿತವಾದರೆ ಅದಕ್ಕೆ ಅರ್ಥ ಹುಡುಕಬೇಡಿ.

ಕೊನೆಯದಾಗಿ, ಮುಂದಿನ 40 ಆಟಗಳನ್ನು 3+2ನಲ್ಲಿ (ಪ್ರತಿ ನಡೆಗೂ ಎರಡು ಸೆಕೆಂಡ್ ಸೇರುವ ಆಟದಲ್ಲಿ) ಆಡಿ ನೋಡಿ. ವಿಶ್ವ ಬ್ಲಿಟ್ಜ್ ಚಾಂಪಿಯನ್‌ಶಿಪ್‌ನ ಟೈಮ್ ಕಂಟ್ರೋಲ್ ಕೂಡ ಇದೇ. 40 ನಡೆಯ ಆಟದಲ್ಲಿ 80 ಸೆಕೆಂಡ್ ಹೆಚ್ಚುವರಿ ಸಿಗುತ್ತದೆ, ಬರೀ ಕೈಚಳಕದಿಂದ ಫ್ಲ್ಯಾಗ್ ಬೀಳಿಸುವುದು ಕಷ್ಟವಾಗುತ್ತದೆ. ಗೆದ್ದ ಸ್ಥಿತಿಗಳು ಅಲ್ಲಿ ಗೆಲುವಾಗಿ ಬದಲಾದರೆ ನಿಮ್ಮ ಅನುಮಾನ ಸರಿ, ಸಮಸ್ಯೆ ಗಡಿಯಾರದ್ದೇ; 12ರಿಂದ 20ರ ನಡುವಿನ ತೂತುಗಳನ್ನು ಮುಚ್ಚಿಕೊಂಡು 3+0ಗೆ ಮರಳಿ. ಅಲ್ಲೂ ಕೈತಪ್ಪಿದರೆ ಗಡಿಯಾರದ ಮೇಲಿನ ದೂರು ಬಿಟ್ಟು, ಒಂದು ಕಾಯಿ ಮುಂದಿರುವಾಗ ನೀವು ಆಡುವ ಮುಂದಿನ ಹತ್ತು ನಡೆಗಳನ್ನು ಎಂಜಿನ್ ಜೊತೆ ಒಂದೊಂದಾಗಿ ನೋಡಿ.