ಪ್ರಾರ್ಥಿಸಿದರೂ ರಾತ್ರಿ ಬೆಟ್ಟಿಂಗ್ ಆ್ಯಪ್ ತೆರೆಯುತ್ತೇನೆ: ಪ್ರತಿಕ್ರಿಯೆ

ಪ್ರಾರ್ಥನೆ ಮುಗಿಸಿ ಮಲಗಿದರೂ 11ಕ್ಕೆ ಕೈ ಬೆಟ್ಟಿಂಗ್ ಆ್ಯಪ್‌ಗೆ ಹೋಗುತ್ತದೆ, ನನ್ನ ವಿಶ್ವಾಸವೇ ಸುಳ್ಳೇ ಎಂದು ಕೇಳಿದ್ದೀರಿ. ಸುಳ್ಳಲ್ಲ. ಶೋಧನೆ, ಅಂದರೆ ಪಾಪದ ಸೆಳೆತ, ಬರುವುದೇ ಪಾಪವಲ್ಲ, ಯೇಸುವಿಗೂ ಬಂತು. ಎಡವಟ್ಟು ಬೇರೆ ಕಡೆ ಇದೆ: ಫೋನು ದಿಂಬಿನ ಪಕ್ಕವೇ ಇದೆಯಲ್ಲ! ಬೈಬಲಿನಲ್ಲಿ ಯಜಮಾನ ಪೋಟೀಫರನ ಹೆಂಡತಿ ತನ್ನೊಡನೆ ಮಲಗೆಂದು ಬಟ್ಟೆ ಹಿಡಿದಾಗ ಯೋಸೇಫ ವಾದಕ್ಕೆ ನಿಲ್ಲಲಿಲ್ಲ, ಬಟ್ಟೆ ಬಿಟ್ಟು ಓಡಿದ (ಆದಿಕಾಂಡ 39:12). 1 ಕೊರಿಂಥ 10:13 ಹೇಳುವ ತಪ್ಪಿಸಿಕೊಳ್ಳುವ ದಾರಿ ಹಲವು ಸಲ ಇಷ್ಟೇ ಸಾಧಾರಣ. ಆ್ಯಪ್ ಅಳಿಸಿ, ಯುಪಿಐ ಮಿತಿ ಇಳಿಸಿ, 10ಕ್ಕೇ ಫೋನನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿ. ಆಮೇಲೆ ಮೊಣಕಾಲೂರಿ.

ಬೈಬಲ್ ವಚನ ಮೊದಲೇ ಬಾಯಲ್ಲಿರಬೇಕು. ಮತ್ತಾಯ 4ರಲ್ಲಿ ಶೋಧಿಸಲು ಬಂದ ಸೈತಾನನಿಗೆ ಯೇಸು ಕೊಟ್ಟ ಮೂರೂ ಉತ್ತರ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯಗಳವು, ಎಲ್ಲವೂ ಚಿಕ್ಕವು. ನಿಮ್ಮದು ಹಣದಾಸೆ, ಹಣದಾಸೆ ಬೇಡ, ಇರುವುದರಲ್ಲಿ ತೃಪ್ತರಾಗಿರಿ ಎನ್ನುವ ಇಬ್ರಿಯ 13:5 ಸಾಕು. ಹತ್ತು ವಚನ ಕಲಿತರೆ ಆ ಹೊತ್ತಿಗೆ ಒಂದೂ ನೆನಪಾಗದು.

ಸಭಾಪಾಲಕರಿಗೋ (ಪಾಸ್ಟರ್) ನಂಬಿಕಸ್ಥ ಗೆಳೆಯನಿಗೋ ಸಾಲದ ಮೊತ್ತ ಸಮೇತ ಹೇಳಿ (ಯಾಕೋಬ 5:16). ‘ನನಗಾಗಿ ಪ್ರಾರ್ಥಿಸಿ’ ಎಂದಷ್ಟೇ ಹೇಳಿ ಜಾರಿಕೊಳ್ಳುವವರೇ ಹೆಚ್ಚು. ಬಿದ್ದರೆ ಅದೇ ರಾತ್ರಿ ಅರಿಕೆ ಮಾಡಿ. ‘ಹೇಗೂ ಕೆಟ್ಟೆ’ ಎಂದು ಭಾನುವಾರಕ್ಕೆ ಮುಂದೂಡಿದರೆ ನಡುವಿನ ರಾತ್ರಿಗಳೂ ಹೋದವು. ಇಷ್ಟಾದರೂ ಬಿಡದಿದ್ದರೆ ವೈದ್ಯರ ಬಳಿ ಹೋಗಲು ಸಂಕೋಚ ಬೇಡ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ.