ಮದ್ಯ ಮುಟ್ಟದವರಿಗೂ ಫ್ಯಾಟಿ ಲಿವರ್

ಪ್ರಶ್ನೆ: ನನಗೆ 46 ವರ್ಷ, ಸಸ್ಯಾಹಾರಿ, ಮದ್ಯ ಮುಟ್ಟಿದವನಲ್ಲ. ಸ್ಕ್ಯಾನಿಂಗ್‌ನಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’ ಎಂದು ಬಂದಿದೆ. ನೋವೇನೂ ಇಲ್ಲ. ಔಷಧ ಬೇಕೇ?

ಉತ್ತರ: ಹೊಟ್ಟೆಯ ಬೊಜ್ಜು ಹೆಚ್ಚಿದಾಗ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದೆ, ಮೂರು ಹೊತ್ತಿನ ಅನ್ನ, ಸಿಹಿ ಕಾಫಿ, ಬೇಕರಿ ತಿನಿಸುಗಳಿಂದ ಬಂದ ಹೆಚ್ಚುವರಿ ಸಕ್ಕರೆಯನ್ನು ಯಕೃತ್ತು ಕೊಬ್ಬಾಗಿಸಿ ತನ್ನಲ್ಲೇ ಶೇಖರಿಸಿಕೊಳ್ಳುವುದರಿಂದ, ಸಸ್ಯಾಹಾರಿಗಳಿಗೂ ಈ ತೊಂದರೆ ಬರುತ್ತದೆ. ನೋವಿಲ್ಲವೆಂದು ಅಲಕ್ಷಿಸಬೇಡಿ, ಗ್ರೇಡ್ ಸೂಚಿಸುವುದು ಕೊಬ್ಬಿನ ಪ್ರಮಾಣವನ್ನೇ ಹೊರತು ಯಕೃತ್ತು ಗಟ್ಟಿಯಾಗುತ್ತಿದೆಯೇ ಎಂಬುದನ್ನಲ್ಲ. ಅದಕ್ಕಾಗಿ ವೈದ್ಯರು ವಯಸ್ಸು, ರಕ್ತದಲ್ಲಿನ ಯಕೃತ್ತಿನ ಕಿಣ್ವಗಳಾದ ಎಎಸ್‌ಟಿ, ಎಎಲ್‌ಟಿ ಹಾಗೂ ಪ್ಲೇಟ್‌ಲೆಟ್ ಸಂಖ್ಯೆಯಿಂದ ‘ಫಿಬ್-4’ ಅಂಕ ಲೆಕ್ಕಹಾಕಿ, ಅಗತ್ಯವಿದ್ದರೆ ಯಕೃತ್ತಿನ ಗಡಸುತನ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸುತ್ತಾರೆ. ಸಕ್ಕರೆ ಕಾಯಿಲೆಯ ಪರೀಕ್ಷೆಯೂ ಆಗಲಿ. ಇವೆಲ್ಲ ಸರಿಯಿದ್ದರೆ ಸಾಮಾನ್ಯವಾಗಿ ಔಷಧ ಬೇಕಾಗದು. ತೂಕ ಹೆಚ್ಚಿದ್ದರೆ ಶೇ 7ರಿಂದ 10ರಷ್ಟನ್ನು ನಿಧಾನವಾಗಿ ಇಳಿಸಿ, ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ. ‘ಲಿವರ್ ಶುದ್ಧಿ’ಯ ಕಷಾಯಗಳನ್ನು ನಾನಂತೂ ಸೂಚಿಸಲಾರೆ, ಅಮೃತಬಳ್ಳಿಯ ಸೇವನೆಯಿಂದಲೂ ಕೆಲವರ ಯಕೃತ್ತಿಗೆ ಹಾನಿಯಾದದ್ದು ವರದಿಯಾಗಿದೆ.