ಜಿಂಕೆ ಬೇಟೆಗೆ ಯಾವ ರೈಫಲ್ ಅಂತ ಕೇಳಿದ ತಮ್ಮನಿಗೆ

ತಮ್ಮ, ಮೈಸೂರಿಂದ ಡೆನ್ವರಿಗೆ ಬಂದು ಇನ್ನೂ ವರ್ಷವಾಗಿಲ್ಲ, ಎಚ್-1ಬಿ ಕೆಲಸದ ವೀಸಾ ಮೇಲಿದ್ದೀನಿ, ಆಫೀಸಿನವರು ಜಿಂಕೆ ಬೇಟೆಗೆ ಕರೀತಿದ್ದಾರೆ, ಗುಂಡು ಹೆಚ್ಚು ಕೆಳಗಿಳಿಯದೆ 'ಫ್ಲಾಟ್' ಆಗಿ ಹೋಗೋ ರೈಫಲ್ ಯಾವುದು ತಗೊಳ್ಳಲಿ ಅಂತ ಕೇಳಿದ್ದೀಯ. ರೈಫಲ್ ಆಮೇಲೆ, ಮೊದಲು ವೀಸಾ ನೋಡ್ಕೋ. ನಿನ್ನಂಥ ವೀಸಾದವರು ಬಂದೂಕಾಗಲಿ ತೋಟಾ ಆಗಲಿ ಇಟ್ಟುಕೊಳ್ಳೋದು ಇಲ್ಲಿ ಫೆಡರಲ್ ಅಪರಾಧ. ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಇದ್ದರೆ ಮಾತ್ರ ವಿನಾಯಿತಿ. ನಿನ್ನ ಡೆನ್ವರ್ ಇರೋ ಕೊಲೊರಾಡೊದಲ್ಲಿ ಅದಕ್ಕೂ ಮುಂಚೆ ಹಂಟರ್ ಎಜುಕೇಷನ್ ಅನ್ನೋ ಬೇಟೆ ತರಬೇತಿ ಪಾಸಾಗಬೇಕು. ಅಲ್ಲೀತನಕ ಸ್ನೇಹಿತರ ರೈಫಲ್ ಕೂಡ ಮುಟ್ಟಬೇಡ ಕಣಪ್ಪ.

ಇನ್ನು ಗುಂಡಿನ ಮಾತು. ನಳಿಗೆ ದಾಟಿದ ಗಳಿಗೆಯಿಂದಲೇ ಎಂಥ ಗುಂಡಾದರೂ ನೆಲದ ಕಡೆ ಬೀಳ್ತಲೇ ಇರುತ್ತೆ. ವೇಗ ಹೆಚ್ಚಿದ್ದರೆ ಬೇಗ ಗುರಿ ಮುಟ್ಟುತ್ತೆ, ಬೀಳೋಕೆ ಹೊತ್ತು ಕಮ್ಮಿ, ಅಷ್ಟೇ. ನಮ್ಮ ಮಂಡ್ಯದ ಹೊಲಗಳಲ್ಲಿ ಹಕ್ಕಿ ಓಡಿಸೋರು ದೂರ ಹೆಚ್ಚಿದಷ್ಟೂ ಕವಣೆಯನ್ನ ಎತ್ತರಕ್ಕೆ ಬೀಸ್ತಾರಲ್ಲ, ಸ್ಕೋಪ್, ಅಂದರೆ ರೈಫಲ್ ಮೇಲಿನ ದುರ್ಬೀನು, ಹೊಂದಿಸೋದೂ ಅದೇ ಲೆಕ್ಕ.

.270 ವಿಂಚೆಸ್ಟರ್ ತೋಟಾ ಹಾಕೋ ರೈಫಲ್ ತಗೊಂಡು ಸ್ಕೋಪನ್ನ 200 ಗಜಕ್ಕೆ ಹೊಂದಿಸು, ಅಂದರೆ ಅಷ್ಟು ದೂರದಲ್ಲಿ ಗುಂಡು ಗುರಿಯಿಟ್ಟಲ್ಲೇ ಬೀಳಬೇಕು. ಆ ತೋಟಾ 1925ರಲ್ಲೇ ಬಂದದ್ದು. ಅದರ 130 ಗ್ರೇನ್ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ ಸುಮಾರು 3,060 ಅಡಿ ವೇಗದಲ್ಲಿ ಹೊರಟು, 300 ಗಜದಲ್ಲಿ ಆರೇಳು ಇಂಚು ಇಳಿದಿರುತ್ತೆ. .308 ಅನ್ನೋ ಇನ್ನೊಂದು ತೋಟಾದ 150 ಗ್ರೇನ್ ಗುಂಡಿನ ವೇಗ ಸುಮಾರು 2,820 ಅಡಿ, ಇಳಿತ ಎಂಟೊಂಬತ್ತು ಇಂಚು. ಅಂಗಡಿಯಲ್ಲಿ ನಡೆಯೋ ವಾದವೆಲ್ಲ ಈ ಎರಡು ಇಂಚಿಗೆ! ದೂರ ಅಳೆಯೋಕೆ ಲೇಸರ್ ರೇಂಜ್‌ಫೈಂಡರ್ ಬಂದ ಮೇಲೆ ಇಳಿತಕ್ಕೆ ಲೆಕ್ಕ ಸಿಕ್ಕಿಬಿಡುತ್ತೆ. ಸಿಗದಿರೋದು ಗಾಳಿಯ ಲೆಕ್ಕ. ಗಂಟೆಗೆ 10 ಮೈಲಿಯ ಅಡ್ಡಗಾಳಿ ಬೀಸಿದರೆ 300 ಗಜದಲ್ಲಿ ಅದೇ .270 ಗುಂಡು ಪಕ್ಕಕ್ಕೂ ಆರೇಳು ಇಂಚು ಸರಿಯುತ್ತೆ. ಇಲ್ಲಿನ ಬಯಲಲ್ಲಿ ಗಾಳಿ ಹತ್ತರಲ್ಲೇ ನಿಲ್ಲೋದಿಲ್ಲ. ಮ್ಯೂಲ್ ಜಿಂಕೆಯ ಎದೆಯಲ್ಲಿ ನಿನಗೆ ಸಿಗೋ ಜಾಗ ಎಂಟು ಹತ್ತು ಇಂಚಿನಗಲ. ತಪ್ಪಿ ಹೊಟ್ಟೆಗೆ ಬಿದ್ದರೆ ಆ ಪ್ರಾಣಿ ಎಲ್ಲೋ ಓಡಿಹೋಗಿ ಗಂಟೆಗಟ್ಟಲೆ ನರಳಿ ಸಾಯುತ್ತೆ. ಅದಾಗಬಾರದು.

ಅದಕ್ಕೇ ಮದ್ದು ಜಾಸ್ತಿ ತುಂಬಿದ ಮ್ಯಾಗ್ನಮ್ ತೋಟಾ ಬೇಡ ಅನ್ನೋದು. ಒಂದೆರಡು ಇಂಚು ಇಳಿತ ಉಳಿಸೋಕೆ ಹೋಗಿ ಭುಜಕ್ಕೆ ಒದೆ ತಿಂತೀಯ, ಆಮೇಲೆ ಟ್ರಿಗರ್ ಎಳೆಯೋ ಮುಂಚೆಯೇ ಮೈ ಬೆದರುತ್ತೆ, ಗುರಿ ಕೆಡುತ್ತೆ. .223 ಹಗುರ ಅಂತ ಅದಕ್ಕೂ ಕೈ ಹಾಕಬೇಡ, ಕೊಲೊರಾಡೊದಲ್ಲಿ ಜಿಂಕೆಗೆ .24 ಇಂಚಿಗಿಂತ ಸಣ್ಣ ಕ್ಯಾಲಿಬರ್ (ಗುಂಡಿನ ಅಡ್ಡಳತೆ) ನಡೆಯಲ್ಲ. 6.5 ಕ್ರೀಡ್‌ಮೂರ್ ಅನ್ನೋ ತೋಟಾದ ಒದೆ ಕಮ್ಮಿ, ಗಾಳಿಗೂ ಅಷ್ಟು ಜಗ್ಗಲ್ಲ, ಹೊಸಬರಿಗೆ ಒಳ್ಳೇದೇ. ಆದರೂ ನನ್ನ ಓಟು .270ಗೆ. ಮುಂದೆ ಎಲ್ಕ್ ಅನ್ನೋ ದೊಡ್ಡ ಜಿಂಕೆಯ ಬೇಟೆಗೆ ಹೋದರೆ 150 ಗ್ರೇನ್ ಹಾಕು, ಅದೇ ರೈಫಲ್ ಸಾಕು.

ರೈಫಲ್‌ಗೆ ಇಟ್ಟ ದುಡ್ಡಲ್ಲಿ ಸ್ವಲ್ಪ ಉಳಿಸಿ ತೋಟಾ ಕೊಂಡು ಶೂಟಿಂಗ್ ರೇಂಜ್‌ಗೆ ಹೋಗು. ಮೇಜಿನ ಮೇಲಿಟ್ಟು ಹೊಡೆಯೋದಲ್ಲ, ಕೂತು, ಮಂಡಿಯೂರಿ ಹೊಡಿ. ತಿಂಡಿ ತಟ್ಟೆಯಷ್ಟಗಲದಲ್ಲಿ ಪ್ರತಿ ಗುಂಡೂ ಎಷ್ಟು ಗಜದವರೆಗೆ ಬೀಳುತ್ತೋ ಈ ವರ್ಷ ನಿನ್ನ ಬೇಟೆ ಅಷ್ಟೇ ದೂರ. ನೂರೈವತ್ತು ಗಜವಾದರೆ ನೂರೈವತ್ತು.

ಇನ್ನೊಂದು. ಊರಿಗೆ ಹೊರಡುವಾಗ ಬೇಟೆಗೆ ಒಯ್ದ ಬ್ಯಾಗನ್ನ ತರಲೇಬೇಡ, ಜಾಕೆಟ್ ಜೇಬೂ ತಡಕು. ಮರೆತು ಉಳಿದ ಒಂದೇ ಒಂದು ತೋಟಾ ಬೆಂಗಳೂರು ವಿಮಾನ ನಿಲ್ದಾಣದ ಸ್ಕ್ಯಾನರಲ್ಲಿ ಕಂಡರೂ ಆಯುಧ ಕಾಯ್ದೆ ಕೇಸಾಗುತ್ತೆ.